ಬಳ್ಳಾರಿಯಲ್ಲಿ ಪ್ರೋಟೀನ್ ಹನಿಗಳ ಅಳತೆ: ಒಂದು ಸೂಕ್ಷ್ಮದರ್ಶಕ ಸೇವೆಯ ವಿಮರ್ಶೆ

ಜೀವಕೋಶದೊಳಗೆ ಪೊರೆಯ ಆವರಣವಿಲ್ಲದೆಯೇ ಹನಿಗಳಾಗಿ ಕೂಡಿಕೊಳ್ಳುವ ಪ್ರೋಟೀನ್ ಮತ್ತು ಆರ್‌ಎನ್‌ಎ ಸಮೂಹಗಳನ್ನು, ಅಂದರೆ ಬಯೋಮಾಲಿಕ್ಯುಲರ್ ಕಂಡೆನ್ಸೇಟ್‌ಗಳನ್ನು, ಅಳೆಯಲು ಬಳ್ಳಾರಿಯಲ್ಲೇ ಗಂಟೆ ಲೆಕ್ಕದಲ್ಲಿ ಕಾನ್‌ಫೋಕಲ್ ಸೂಕ್ಷ್ಮದರ್ಶಕ ದೊರೆಯುತ್ತಿರುವುದು ಈ ಭಾಗದ ಸಂಶೋಧನಾ ವಿದ್ಯಾರ್ಥಿಗಳಿಗೆ ದೊಡ್ಡ ಅನುಕೂಲ. ಎಫ್‌ಯುಎಸ್ ಪ್ರೋಟೀನ್‌ನ ಹನಿಗಳ ಕುರಿತ ನನ್ನ ಕೆಲಸಕ್ಕೆ ಈ ಖಾಸಗಿ ಕೇಂದ್ರವನ್ನು ಬಳಸುತ್ತಿದ್ದೇನೆ. ಬೆಂಗಳೂರಿಗೆ ಮಾದರಿ ಒಯ್ದರೆ ಒಳ್ಳೆಯ ಉಪಕರಣವೇ ಸಿಗುತ್ತದೆ, ಆದರೆ ಕಾಯ್ದಿರಿಸಿದ ಅಲ್ಪ ಸಮಯದಲ್ಲಿ ಹನಿಗಳು ನಿಧಾನವಾಗಿ ಗಟ್ಟಿಯಾಗುವುದನ್ನು ಕಾದು ನೋಡಲಾಗುವುದಿಲ್ಲ. ಎಫ್‌ಯುಎಸ್ ವಿಷಯದಲ್ಲಿ ನೋಡಬೇಕಾದದ್ದೇ ಅದು: ಹೊಸದಾಗಿ ಮೂಡಿದಾಗ ದ್ರವದಂತಿರುವ ಹನಿಗಳು ಹೊತ್ತು ಕಳೆದಂತೆ ನಾರಿನಂಥ ಘನರೂಪಕ್ಕೆ ತಿರುಗುತ್ತವೆಂದೂ, ಎಎಲ್‌ಎಸ್ ಎಂಬ ನರರೋಗಕ್ಕೆ ಸಂಬಂಧಿಸಿದ ಮ್ಯುಟೇಶನ್ ಒಂದು ಈ ಬದಲಾವಣೆಯನ್ನು ಚುರುಕುಗೊಳಿಸುತ್ತದೆಂದೂ ಜರ್ಮನಿಯ ಡ್ರೆಸ್ಡೆನ್‌ನ ಸಂಶೋಧಕರು 2015ರಲ್ಲಿ ತೋರಿಸಿದ್ದರು. ಇಲ್ಲಿ ಇಡೀ ದಿನದ ಅವಧಿ ಕೇಳಿದರೂ ಕೊಡುತ್ತಾರೆ.

ಕೇಂದ್ರದ ನಿಜವಾದ ಬಲ ತಾಪಮಾನದ ನಿಯಂತ್ರಣ. ಪ್ರಬಂಧಗಳಲ್ಲಿ 'ಕೋಣೆಯ ತಾಪಮಾನ' ಎಂದು ಬರೆದು ಮುಗಿಸುವ ಮಾತು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಏನನ್ನೂ ಹೇಳುವುದಿಲ್ಲ. ಎಫ್‌ಯುಎಸ್ ಹನಿಗಳು ಬಿಸಿಯೇರಿದರೆ ಕರಗುವ ಕಡೆಗೆ ವಾಲುತ್ತವೆ. ಎಲಾಸ್ಟಿನ್ ಪ್ರೋಟೀನ್‌ನ ಮಾದರಿಯಲ್ಲಿ ರೂಪಿಸಿದ ಪೆಪ್ಟೈಡ್‌ಗಳಾದರೋ ಬಿಸಿಯಾದಾಗಲೇ ಬೇರ್ಪಟ್ಟು ಹನಿಗಟ್ಟುತ್ತವೆ. ಇಲ್ಲಿ ಮಾದರಿ ಇಡುವ ವೇದಿಕೆಯ ಜೊತೆಗೆ ಎಣ್ಣೆಯ ಮೂಲಕ ಗಾಜನ್ನು ಮುಟ್ಟುವ ಮಸೂರದ ತಾಪಮಾನವನ್ನೂ ಹಿಡಿದಿಡುತ್ತಾರೆ. ವೇದಿಕೆಯನ್ನಷ್ಟೇ ನಿಯಂತ್ರಿಸಿದರೆ ಆ ಮಸೂರದ ಮೂಲಕವೇ ಶಾಖ ಹರಿದು, ನಾವು ನೋಡುತ್ತಿರುವ ಜಾಗದ ತಾಪಮಾನ ಪರದೆಯ ಮೇಲಿನ ಸಂಖ್ಯೆಗಿಂತ ಬೇರೆಯಾಗಿಬಿಡುತ್ತದೆ. ಇಷ್ಟು ಕಾಳಜಿಯನ್ನು ಇನ್ನೂ ದೊಡ್ಡ ಪ್ರಯೋಗಾಲಯಗಳಲ್ಲಿಯೂ ನಾನು ಯಾವಾಗಲೂ ಕಂಡಿಲ್ಲ.

ಗಾಜಿನ ತಯಾರಿಯೂ ಮೆಚ್ಚುವಂಥದ್ದು. ಲೇಪನವಿಲ್ಲದ ಗಾಜಿನ ಮೇಲೆ ಹನಿಗಳು ಅಂಟಿ ಹರಡಿಕೊಂಡರೆ ಅವುಗಳ ಆಕಾರವನ್ನಾಗಲಿ, ಎರಡು ಹನಿ ಕೂಡಿ ಒಂದಾಗುವ ವೇಗವನ್ನಾಗಲಿ ನಂಬುವಂತಿಲ್ಲ. ಹನಿ ಅಂಟದಂತೆ ಗಾಜಿಗೆ ಹಚ್ಚುವ ಪಾಲಿಮರ್‌ಗಳಲ್ಲಿ ಪಿಇಜಿ ಲೇಪನ ಬೇಕೋ, ಪ್ಲುರಾನಿಕ್ ಸಾಕೋ ಎಂದು ಇಲ್ಲಿನ ಸಿಬ್ಬಂದಿ ಮೊದಲೇ ಕೇಳಿ ತಿಳಿದುಕೊಳ್ಳುತ್ತಾರೆ.

ಆಕ್ಷೇಪವಿರುವುದು ಅವರು ಕೊಡುವ ವರದಿಯ ಬಗ್ಗೆ. ಹನಿಯ ಒಂದು ಭಾಗದ ಪ್ರತಿದೀಪ್ತ ಹೊಳಪನ್ನು ಲೇಸರ್‌ನಿಂದ ಅಳಿಸಿ, ಅಣುಗಳ ಚಲನೆಯಿಂದ ಅದು ಮರಳುವ ಹೊತ್ತನ್ನು ಅಳೆಯುವ ಫ್ರಾಪ್ ಪರೀಕ್ಷೆಯೊಂದನ್ನೇ ಆಧರಿಸಿ 'ಇದು ದ್ರವ' ಎಂದು ತೀರ್ಪು ಬರೆಯುತ್ತಾರೆ. ಅಳಿಸಿದ ಜಾಗ ಹಿರಿದಾದಷ್ಟೂ ಹೊಳಪು ಮರಳುವುದು ತಡವಾಗುತ್ತದೆ. ಇಡೀ ಹನಿಯನ್ನೇ ಅಳಿಸಿದರೆ ಹೊರಗಿನ ದ್ರಾವಣದಿಂದ ಅಣುಗಳು ಒಳಬರುವ ವೇಗವೂ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಅಳಿಸಿದ ವೃತ್ತದ ಗಾತ್ರವನ್ನು ವರದಿಯಲ್ಲಿ ನಮೂದಿಸಲೇಬೇಕು, ಅದನ್ನು ಕೇಳಿ ಪಡೆಯಬೇಕಾಯಿತು. ಹನಿಗಳ ಕೂಡುವಿಕೆಯ ಲೆಕ್ಕ ಮಾತ್ರ ಅಚ್ಚುಕಟ್ಟಾಗಿದೆ: ಗಾತ್ರಕ್ಕೆ ಎದುರಾಗಿ ಸಮಯವನ್ನು ಗುರುತಿಸಿ, ಬರುವ ರೇಖೆಯ ಇಳಿಜಾರು ಸ್ನಿಗ್ಧತೆ ಮತ್ತು ಮೇಲ್ಮೈ ಸೆಳೆತದ ಅನುಪಾತವೇ ಹೊರತು ಎರಡರಲ್ಲಿ ಯಾವೊಂದರ ಬೆಲೆಯೂ ಅಲ್ಲವೆಂದು ಸ್ಪಷ್ಟವಾಗಿ ತಿಳಿಸಿದ್ದಾರೆ.

ಹನಿಗಳು ಕರಗುತ್ತವೆಯೇ ಎಂದು ನೋಡುವ 1,6-ಹೆಕ್ಸೇನ್‌ಡಯಾಲ್ ಎಂಬ ರಾಸಾಯನಿಕದ ಪರೀಕ್ಷೆಗೆ ಪ್ರತ್ಯೇಕ ಶುಲ್ಕವಿದೆ. ಜೀವಕೋಶಗಳಲ್ಲಿ ಕೆಲಸ ಮಾಡುವವರು ಅದಕ್ಕೆ ಹಣ ಕೊಡುವುದು ಬೇಡ, ಏಕೆಂದರೆ ಆ ರಾಸಾಯನಿಕ ಹನಿಗಳನ್ನಷ್ಟೇ ಕರಗಿಸದೆ ಕಿಣ್ವಗಳ ಕೆಲಸವನ್ನೂ ಕೆಡಿಸುತ್ತದೆ. ಬದಲಿಗೆ ಸೆಂಟ್ರಿಫ್ಯೂಜ್‌ನಲ್ಲಿ ಹನಿಗಳನ್ನು ತಳಕ್ಕಿಳಿಸಿ, ಮೇಲುಳಿದ ತಿಳಿಯಲ್ಲಿನ ಪ್ರೋಟೀನ್ ಸಾಂದ್ರತೆಯನ್ನು ಅಳೆದುಕೊಡುವ ಅಗ್ಗದ ಸೇವೆಯನ್ನು ಕೇಳಿರಿ. ಹನಿಗಳಿಂದ ದ್ರಾವಣಕ್ಕೆ ಬರುವ ಬರೀ ಮಬ್ಬಿನ ಪ್ರಮಾಣಕ್ಕಿಂತ ಅದು ಎಷ್ಟೋ ನಂಬಿಕೆಗೆ ಅರ್ಹವಾದ ಅಳತೆ. ಮಾದರಿಯಲ್ಲಿ ಆರ್‌ಎನ್‌ಎ ಇದ್ದರೆ ಮುಂಚೆಯೇ ತಿಳಿಸಿ. ಪ್ರೋಟೀನ್ ಅಳೆಯಲು ಸಾಮಾನ್ಯವಾಗಿ ಬಳಸುವ 280 ನ್ಯಾನೋಮೀಟರ್ ಬೆಳಕನ್ನು ಅದೂ ಹೀರುವುದರಿಂದ ಪ್ರೋಟೀನ್‌ಗೆ ಬೇರೆ ವಿಧಾನದ ಅಳತೆಯನ್ನು ಅವರು ಮಾಡಿಕೊಡುತ್ತಾರೆ.