ಯಕ್ಷಗಾನದ ತಿರುಗಾಟದಲ್ಲಿ ಮೂರು ವರ್ಷ: ಸಿಮ್, ಡೇಟಾ ಪ್ಯಾಕ್ ಮತ್ತು ಹಾಟ್‌ಸ್ಪಾಟ್ ಸಾಧನಗಳ ವಿಮರ್ಶೆ

ಯಕ್ಷಗಾನ ಮೇಳಗಳ ಹಿಂದೆ ನವೆಂಬರಿನಿಂದ ಪತ್ತನಾಜೆಯವರೆಗೆ, ಎಂದರೆ ಮೇ ತಿಂಗಳ ಕೊನೆಯ ವಾರದವರೆಗೆ, ಊರೂರು ತಿರುಗುವ ಕೆಲಸ ನನ್ನದು. ಹರಕೆ ಆಟ, ಎಂದರೆ ಹರಕೆ ತೀರಿಸಲು ಮಾಡಿಸುವ ಯಕ್ಷಗಾನ, ಆಡಿಸುವ ಮನೆಯ ಮಕ್ಕಳು, ನೆಂಟರು ಮುಂಬಯಿಯಲ್ಲೋ ದುಬೈಯಲ್ಲೋ ಇರುತ್ತಾರೆ. ಊರಿಗೆ ಬರಲಾಗದ ಅವರಿಗಾಗಿ ಆಟವನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿಕೊಡುತ್ತೇವೆ. ನಾವು ಮೂವರು, ಒಂದು ವ್ಯಾನು, ಎರಡು ಕ್ಯಾಮೆರಾ, ಒಂದು ಲ್ಯಾಪ್‌ಟಾಪ್. 2022ರ ನವೆಂಬರಿನಿಂದ 2025ರ ಮೇ ತಿಂಗಳವರೆಗಿನ ಮೂರು ತಿರುಗಾಟಗಳಲ್ಲಿ ಬಳಸಿದ ಪ್ಯಾಕ್‌ಗಳು ಮತ್ತು ಸಾಧನಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ವ್ಯಾನಿನಲ್ಲೇ ದಿನ ಕಳೆಯುವವರಿಗೆ, ದಾರಿಯಲ್ಲೇ ಆಫೀಸಿನ ಕೆಲಸ ಮಾಡುವವರಿಗೆ ಇದರಲ್ಲಿ ಹೆಚ್ಚಿನದು ಉಪಯೋಗಕ್ಕೆ ಬರಬಹುದು.

ಪ್ಯಾಕ್ ಆರಿಸುವಾಗ ಎಲ್ಲರೂ ದಿನಕ್ಕೆ ಎಷ್ಟು ಜಿಬಿ ಎಂದು ನೋಡುತ್ತಾರೆ. ಮೊದಲ ವರ್ಷ ನಾನೂ ಹಾಗೆಯೇ ನೋಡಿ ಕೆಟ್ಟೆ. ನಮಗೆ ಬೇಕಾದದ್ದು ಅಪ್‌ಲೋಡ್, ಎಂದರೆ ನಮ್ಮ ಕಡೆಯಿಂದ ಹೊರಗೆ ಕಳಿಸುವ ವೇಗ. ಅದೂ ಜನ ಸೇರಿದ ಮೇಲೆ, ರಾತ್ರಿ ಎಂಟು ಒಂಬತ್ತರ ಹೊತ್ತಿಗೆ, ರಂಗಸ್ಥಳದ ಪಕ್ಕದಲ್ಲಿ ಸಿಗುವ ಅಪ್‌ಲೋಡ್. ಮಧ್ಯಾಹ್ನ ಮೂರು ಗಂಟೆಗೆ ಖಾಲಿ ಗದ್ದೆಯಲ್ಲಿ ನಿಂತು ವೇಗ ಪರೀಕ್ಷಿಸಿದರೆ ಯಾವ ಸಿಮ್ಮಾದರೂ ಚೆನ್ನಾಗಿಯೇ ಕಾಣುತ್ತದೆ.

ಇದು ನನಗೆ ಮನವರಿಕೆಯಾದದ್ದು ಬೆಳ್ತಂಗಡಿ ತಾಲ್ಲೂಕಿನ ಒಂದು ಆಟದಲ್ಲಿ. ಸಂಜೆ ಆರಕ್ಕೆ 9 ಎಂಬಿಪಿಎಸ್, ಎಂದರೆ ಸೆಕೆಂಡಿಗೆ 9 ಮೆಗಾಬಿಟ್, ಅಪ್‌ಲೋಡ್ ಇತ್ತು. ಮಹಿಷಾಸುರನ ಪ್ರವೇಶವಾಗುವುದು ಸಭೆಯ ಹಿಂದಿನಿಂದ. ದೀವಟಿಗೆಗೆ ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗನೆ ಏಳುತ್ತದೆ, ಚಂಡೆಯ ಸದ್ದು ಏರುತ್ತದೆ, ಕುಳಿತವರೆಲ್ಲ ಎದ್ದು ನಿಲ್ಲುತ್ತಾರೆ. ಆ ಕ್ಷಣಕ್ಕೆ ನೂರಾರು ಮೊಬೈಲ್‌ಗಳು ಒಟ್ಟಿಗೆ ಮೇಲೆದ್ದವು. ಕೆಲವರು ವಿಡಿಯೋ ಕಾಲ್ ಮಾಡಿದರು, ಕೆಲವರು ಅಲ್ಲಿಂದಲೇ ಲೈವ್ ಹೋದರು, ಉಳಿದವರು ಸ್ಟೇಟಸ್‌ಗೆ ಹಾಕಿದರು. ನನ್ನ ಲ್ಯಾಪ್‌ಟಾಪಿನಲ್ಲಿ ಹಸಿರಾಗಿದ್ದ ಸೂಚಕ ಹಳದಿಯಾಗಿ, ಮತ್ತೆ ಕೆಂಪಾಯಿತು, ಅಪ್‌ಲೋಡ್ 0.3ಕ್ಕೆ ಇಳಿಯಿತು. ಎರಡು ನಿಮಿಷ ಕಳೆಯುವಷ್ಟರಲ್ಲಿ ಮುಂಬಯಿಯಿಂದ ಫೋನ್ ಬಂತು: "ಅಣ್ಣ, ಇಲ್ಲಿ ಚಿತ್ರ ನಿಂತೇ ಹೋಯ್ತಲ್ಲ, ಅಮ್ಮ ಇದಕ್ಕೇ ಕಾಯ್ತಾ ಇದ್ದರು." ಟವರಿನ ಸಾಮರ್ಥ್ಯ ಅಲ್ಲಿದ್ದವರೆಲ್ಲ ಹಂಚಿಕೊಳ್ಳಬೇಕಾದದ್ದು. ನಾನು ಎಷ್ಟು ದುಬಾರಿ ಪ್ಯಾಕ್ ಹಾಕಿಸಿಕೊಂಡಿದ್ದರೂ ಆ ಹೊತ್ತಿಗೆ ನನ್ನ ಪಾಲು ಅಷ್ಟೇ.

ಆ ಮೇಲೆ ಲೆಕ್ಕವನ್ನು ಬೇರೆ ರೀತಿಯಲ್ಲಿ ಹಾಕಲು ಕಲಿತೆ. 720 ಪಿಕ್ಸೆಲ್ ಗುಣಮಟ್ಟದ ಪ್ರಸಾರಕ್ಕೆ 2.5 ಎಂಬಿಪಿಎಸ್ ಎಂದಿಟ್ಟರೆ ಗಂಟೆಗೆ ಸುಮಾರು 1.1 ಜಿಬಿ ಖರ್ಚಾಗುತ್ತದೆ. ಐದು ಗಂಟೆಯ ಕಾಲಮಿತಿಯ ಆಟಕ್ಕೆ ಐದೂವರೆ ಜಿಬಿ, ಬೆಳಗಿನವರೆಗೆ ಒಂಬತ್ತು ಗಂಟೆ ನಡೆಯುವ ಆಟಕ್ಕೆ ಹತ್ತು ಜಿಬಿ ಬೇಕು. 1080ಕ್ಕೆ ಏರಿಸಿದರೆ ಹೆಚ್ಚುಕಡಿಮೆ ಇದರ ಎರಡರಷ್ಟು. ದಿನಕ್ಕೆ 2 ಜಿಬಿಯ ಪ್ರೀಪೇಯ್ಡ್ ಪ್ಯಾಕ್ ಎರಡು ಗಂಟೆಯನ್ನೂ ದಾಟಿಸುವುದಿಲ್ಲ. ಕೋಟಾ ಮುಗಿದ ಮೇಲೆ ಸಿಗುವ 64 ಕೆಬಿಪಿಎಸ್ ನಮಗೆ ಬೇಕಾದುದರ ನಲವತ್ತರಲ್ಲಿ ಒಂದು ಪಾಲು ಮಾತ್ರ, ಅದರಲ್ಲಿ ಭಾಗವತರ ಪದವನ್ನು ಮಾತ್ರ ಕಳಿಸುವುದೂ ಕಷ್ಟ. ಆದರೆ ದಿನದ ಕೋಟಾ ಹೊಸದಾಗುವುದು ರಾತ್ರಿ 12ಕ್ಕೆ. ಹಾಗಾಗಿ ಬೆಳಗಿನವರೆಗಿನ ಆಟ ಎರಡು ದಿನಗಳ ಕೋಟಾದಲ್ಲಿ ಹಂಚಿಹೋಗುತ್ತದೆ; ಇದನ್ನು ತಿಳಿದು ಆಡ್‌ಆನ್ ಪ್ಯಾಕ್, ಎಂದರೆ ಕೋಟಾದ ಮೇಲಿನ ಹೆಚ್ಚುವರಿ ಡೇಟಾ, ಹಾಕಿಸಿದರೆ ಹಣ ಉಳಿಯುತ್ತದೆ. ವೊಡಾಫೋನ್ ಐಡಿಯಾದ ಕೆಲವು ಪ್ಯಾಕ್‌ಗಳಲ್ಲಿ ರಾತ್ರಿ 12ರಿಂದ ಬೆಳಗ್ಗೆ 6ರವರೆಗಿನ ಬಳಕೆ ಕೋಟಾಕ್ಕೆ ಸೇರುವುದೇ ಇಲ್ಲ. ಬಯಲಾಟಕ್ಕೆಂದೇ ಹೊಂದಿಸಿಟ್ಟಂತಿರುವ ಈ ಅನುಕೂಲ ನಮಗೆ ಬಹಳ ನೆರವಾಗಿದೆ.

ದರದ ವಿಷಯದಲ್ಲಿ ದೊಡ್ಡ ಬದಲಾವಣೆ ಆದದ್ದು 2024ರ ಜುಲೈನಲ್ಲಿ. ಮೂರೂ ಖಾಸಗಿ ಕಂಪನಿಗಳು ಒಂದೇ ವಾರದಲ್ಲಿ ದರ ಏರಿಸಿದವು. ಜಿಯೋದಲ್ಲಿ 28 ದಿನಕ್ಕೆ ದಿನವೂ 2 ಜಿಬಿ ಕೊಡುವ ಪ್ಯಾಕ್ 299 ರೂಪಾಯಿಯಿಂದ 349ಕ್ಕೆ, 6 ಜಿಬಿಯ ಆಡ್‌ಆನ್ 61ರಿಂದ 69ಕ್ಕೆ ಹೋಯಿತು. 28 ದಿನದ ಪ್ಯಾಕ್ ಎಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್ ಎಂಬುದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ತಿರುಗಾಟ ಸುಮಾರು ಆರೂವರೆ ತಿಂಗಳು ನಡೆಯುವುದರಿಂದ 84 ದಿನದ ಪ್ಯಾಕ್ ಎರಡು ಸಲ, ಉಳಿದ ದಿನಗಳಿಗೆ 28 ದಿನದ್ದು ಒಂದು ಸಲ ಹಾಕಿಸುವುದು ನಮಗೆ ಸರಿಹೊಂದಿದೆ. ಮುಖ್ಯ ಪ್ರಸಾರಕ್ಕೆ ಮಾತ್ರ ಎರಡನೆಯ ವರ್ಷದಿಂದ ಪೋಸ್ಟ್‌ಪೇಯ್ಡ್ ಇಟ್ಟುಕೊಂಡಿದ್ದೇನೆ. ಅದರಲ್ಲಿ ದಿನದ ಮಿತಿ ಇಲ್ಲ, ಇಡೀ ತಿಂಗಳ ಡೇಟಾವನ್ನು ಎರಡೇ ರಾತ್ರಿಯಲ್ಲಿ ಬೇಕಾದರೂ ಬಳಸಬಹುದು. ಜಾಹೀರಾತಿನಲ್ಲಿ ಕಾಣುವ ಬೆಲೆಯ ಮೇಲೆ ಶೇಕಡಾ 18 ಜಿಎಸ್‌ಟಿ ಬೀಳುತ್ತದೆ ಎಂಬುದು ನೆನಪಿರಲಿ. ಪ್ರೀಪೇಯ್ಡ್‌ನಲ್ಲಿ ಅದು ಬೆಲೆಯೊಳಗೇ ಸೇರಿರುತ್ತದೆ.

ಅನ್‌ಲಿಮಿಟೆಡ್ 5ಜಿ ಎಂಬ ಮಾತಿಗೆ ಹೊಸಬರು ಬೇಗ ಮರುಳಾಗುತ್ತಾರೆ. ಫೋನ್ 5ಜಿಯಲ್ಲಿ ಇರುವವರೆಗೆ ಅದು ನಿಜ. ಗದ್ದೆಯ ಅಂಚಿನಲ್ಲಿ 5ಜಿ ಒಮ್ಮೆ ಬಂದು ಒಮ್ಮೆ ಹೋಗುತ್ತದೆ. ಫೋನ್ 4ಜಿಗೆ ಇಳಿದ ಕ್ಷಣದಿಂದ ದಿನದ ಕೋಟಾ ಕರಗಲು ತೊಡಗುತ್ತದೆ, ಪರದೆಯ ಮೂಲೆಯ ಆ ಸಣ್ಣ ಅಕ್ಷರವನ್ನು ಆಟದ ಗಡಿಬಿಡಿಯಲ್ಲಿ ಯಾರೂ ನೋಡುವುದಿಲ್ಲ. ಅಲ್ಲದೆ ಅದು ವೈಯಕ್ತಿಕ ಬಳಕೆಗೆಂದು ಕೊಟ್ಟ ಸೌಲಭ್ಯ. ಹಣ ಪಡೆದು ಮಾಡುವ ಪ್ರಸಾರಕ್ಕೆ ಅದನ್ನು ಬಳಸುವುದು ಸರಿಯಲ್ಲವೆಂದು ನಾನು ಬಿಟ್ಟಿದ್ದೇನೆ. ಹಗಲು ವ್ಯಾನಿನಲ್ಲಿ ಕುಳಿತು ಮೇಲ್ ನೋಡಲು, ಮನೆಯವರ ಜೊತೆ ಮಾತಾಡಲು ಧಾರಾಳವಾಗಿ ಸಾಕು.

ಇನ್ನು ಸಾಧನಗಳು. ಮೊದಲು ಕೊಂಡದ್ದು ಅಂಗೈಯಗಲದ, ಬ್ಯಾಟರಿ ಇರುವ ಹಾಟ್‌ಸ್ಪಾಟ್, ನಮ್ಮ ಕಡೆ ಡಾಂಗಲ್ ಎಂದೇ ಕರೆಯುವುದು. ಎರಡೂವರೆ ಸಾವಿರ ರೂಪಾಯಿ, ಹತ್ತು ಸಾಧನಗಳಿಗೆ ವೈಫೈ. ಬಸ್ಸಿನಲ್ಲಿ ಓಡಾಡುವವರಿಗೆ ಒಳ್ಳೆಯದೇ. ನಮಗೆ ಆದ ತೊಂದರೆ ಎರಡು. ಒಂದು, ರಾತ್ರಿಯಿಡೀ ಚಾರ್ಜರಿಗೆ ಸಿಕ್ಕಿಸಿಯೇ ಇಡುತ್ತಿದ್ದುದರಿಂದ ಮಾರ್ಚಿನ ಸೆಕೆಗೆ ಬ್ಯಾಟರಿ ಉಬ್ಬಿ, ಹಿಂಬದಿಯ ಮುಚ್ಚಳ ತಾನಾಗಿ ಎದ್ದು ನಿಂತಿತು. ಉಬ್ಬಿದ ಬ್ಯಾಟರಿ ಅಪಾಯಕಾರಿ, ಅಂಥದನ್ನು ಮತ್ತೆ ಒತ್ತಿ ಕೂರಿಸಿ ಬಳಸಬಾರದು. ಎರಡನೆಯದು ಬ್ಯಾಂಡಿನ, ಎಂದರೆ ಸಿಗ್ನಲ್ ಹರಿಯುವ ತರಂಗಾಂತರದ ಪಟ್ಟಿಯ, ವಿಷಯ. ಆನ್‌ಲೈನಿನಲ್ಲಿ ತರಿಸಿದ ಆ ಸಾಧನದಲ್ಲಿ ಬ್ಯಾಂಡ್ 5, ಎಂದರೆ 850 ಮೆಗಾಹರ್ಟ್ಸ್, ಇರಲೇ ಇಲ್ಲ. ಜಿಯೋದ 4ಜಿ ನಡೆಯುವುದು 850, 1800 ಮತ್ತು 2300 ಮೆಗಾಹರ್ಟ್ಸ್‌ಗಳಲ್ಲಿ. ಇವುಗಳಲ್ಲಿ ದೂರಕ್ಕೆ ಹೋಗುವುದು, ತೋಟದ ಮರಗಳ ನಡುವೆಯೂ ಸ್ವಲ್ಪ ನುಸುಳುವುದು 850. ಹಾಗಾಗಿ ಅದೇ ಸಿಮ್ ಫೋನಿನಲ್ಲಿ ಎರಡು ಕಡ್ಡಿ ತೋರಿಸಿದರೆ ಡಾಂಗಲ್ ರೇಂಜ್ ಇಲ್ಲವೆಂದು ಸುಮ್ಮನಾಗುತ್ತಿತ್ತು. ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾಕ್ಕೆ ಇದೇ ಕೆಲಸವನ್ನು 900, ಎಂದರೆ ಬ್ಯಾಂಡ್ 8, ಮಾಡುತ್ತದೆ. ಪೆಟ್ಟಿಗೆಯ ಮೇಲೆ 150 ಎಂಬಿಪಿಎಸ್ ಎಂದು ದೊಡ್ಡದಾಗಿ ಬರೆದಿರುವುದನ್ನು ಬಿಟ್ಟು, ಬ್ಯಾಂಡ್‌ಗಳ ಸಣ್ಣಕ್ಷರದ ಸಾಲಿನಲ್ಲಿ 1, 3, 5, 8, 40 ಇವೆಯೇ ಎಂದು ಓದಿ ಕೊಳ್ಳಬೇಕು.

ಫೋನಿನ ಹಾಟ್‌ಸ್ಪಾಟನ್ನೂ ಒಂದು ವರ್ಷ ಬಳಸಿದೆವು. ಫೋನಿನ ಆಂಟೆನಾ, ಬ್ಯಾಂಡ್‌ಗಳು ಅಗ್ಗದ ಡಾಂಗಲ್‌ಗಿಂತ ಎಷ್ಟೋ ಮೇಲು. ಆದರೆ ಬಿಸಿಯಾಗುತ್ತದೆ, ಕಾಲ್ ಬಂದರೆ ಒಮ್ಮೊಮ್ಮೆ ಡೇಟಾ ತಡವರಿಸುತ್ತದೆ. ಪ್ರಸಾರದ ಸಿಮ್ಮಿನ ನಂಬರನ್ನು ಯಾರಿಗೂ ಕೊಡಬೇಡಿ.

ಈಗ ಎರಡು ತಿರುಗಾಟದಿಂದ ನೆಚ್ಚಿಕೊಂಡಿರುವುದು ಹೊರಾಂಗಣದಲ್ಲಿ ಕಟ್ಟುವ, ಸಿಮ್ ಹಾಕುವ ರೂಟರ್. ಆರು ಸಾವಿರ ಚಿಲ್ಲರೆ ಆಯಿತು. ಬ್ಯಾಟರಿ ಇಲ್ಲ, ಹಾಗಾಗಿ ಉಬ್ಬುವ ಭಯವೂ ಇಲ್ಲ; 12 ವೋಲ್ಟಿನಲ್ಲಿ ನಡೆಯುವುದರಿಂದ ವ್ಯಾನಿನ ಹೆಚ್ಚುವರಿ ಬ್ಯಾಟರಿಯಿಂದಲೇ ನೇರವಾಗಿ ಕೊಡುತ್ತೇವೆ, ಜನರೇಟರ್ ಬಂದಾದರೂ ಪ್ರಸಾರ ನಿಲ್ಲುವುದಿಲ್ಲ. ಚಪ್ಪರಕ್ಕೆ ನಿಲ್ಲಿಸಿದ ಅಡಿಕೆ ಮರದ ಕಂಬಕ್ಕೆ ಹದಿನೈದು ಅಡಿ ಎತ್ತರದಲ್ಲಿ ಕಟ್ಟಿ, ಅಲ್ಲಿಂದ ಲ್ಯಾನ್ ಕೇಬಲನ್ನು ಮೇಜಿನವರೆಗೆ ಇಳಿಸುತ್ತೇವೆ. ಸುಳ್ಯದ ಕಡೆಯ ಒಂದು ತೋಟದ ಮನೆಯಲ್ಲಿ ಮೇಜಿನ ಮೇಲಿಟ್ಟಾಗ ಅಪ್‌ಲೋಡ್ 1.1 ಇತ್ತು; ಅದೇ ರೂಟರನ್ನು, ಅದೇ ಸಿಮ್ಮಿನಲ್ಲಿ, ಕಂಬಕ್ಕೇರಿಸಿ ಟವರಿನ ದಿಕ್ಕಿಗೆ ತಿರುಗಿಸಿದ ಮೇಲೆ 4ಕ್ಕೆ ಏರಿತು. ದುಬಾರಿ ಪ್ಯಾಕಿನಿಂದ ಸಿಗದ ಸುಧಾರಣೆ ಇಪ್ಪತ್ತು ಮೀಟರ್ ಕೇಬಲ್ ಮತ್ತು ಒಂದು ತುಂಡು ಹಗ್ಗದಿಂದ ಸಿಕ್ಕಿತು. ವ್ಯಾನಿನ ಒಳಗೆ ಮಾತ್ರ ಇಂಥ ಸಾಧನ ಇಡಬೇಡಿ. ಸುತ್ತಲಿನ ತಗಡು ಸಿಗ್ನಲನ್ನು ನುಂಗುತ್ತದೆ.

ಎರಡು ಕಂಪನಿಯ ಸಿಮ್ ಇರಬೇಕು ಎಂಬುದು ಎಲ್ಲರೂ ಹೇಳುವ ಮಾತು. ಯಾವ ಎರಡು ಎಂಬುದು ಅದಕ್ಕಿಂತ ಮುಖ್ಯ. ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಎರಡೂ ಟವರ್‌ಗಳನ್ನು ಬಾಡಿಗೆಗೆ ಕೊಡುವ ಇಂಡಸ್ ಟವರ್ಸ್ ಕಂಪನಿಯ ದೊಡ್ಡ ಗ್ರಾಹಕರು. ಅನೇಕ ಕಡೆ ಇಬ್ಬರ ಆಂಟೆನಾ ಇರುವುದು ಒಂದೇ ಟವರಿನಲ್ಲಿ. ಹಳ್ಳಿಯಲ್ಲಿ ಕರೆಂಟು ಹೋಗಿ, ಆ ಟವರಿನ ಬ್ಯಾಟರಿಯೂ ಮುಗಿದರೆ ನಿಮ್ಮ ಎರಡೂ ಸಿಮ್ ಒಟ್ಟಿಗೆ ಸಾಯುತ್ತವೆ. ನಮಗೆ ಕಾರ್ಕಳದ ಹತ್ತಿರ ಇದೇ ಆಗಿ ನಲವತ್ತು ನಿಮಿಷ ಪ್ರಸಾರ ನಿಂತಿತು, ಕಾರ್ಡಿನಲ್ಲಿ ರೆಕಾರ್ಡ್ ಆಗುತ್ತಿದ್ದುದರಿಂದ ಮರುದಿನ ಏರಿಸಿ ಮಾನ ಉಳಿಸಿಕೊಂಡೆವು. ಆ ಬಳಿಕ ಸಂಜೆ ಊರು ತಲುಪಿದ ಕೂಡಲೇ ಟವರ್‌ಗಳು ಎಷ್ಟು, ಯಾವ ಗುಡ್ಡದಲ್ಲಿ ಎಂದು ಚೌಕಿಯ, ಎಂದರೆ ಕಲಾವಿದರು ವೇಷ ಕಟ್ಟುವ ಜಾಗದ, ಹತ್ತಿರ ಸಿಗುವ ಊರವರನ್ನೇ ಕೇಳುತ್ತೇನೆ. ಆ್ಯಪ್‌ಗಳಿಗಿಂತ ಅವರು ಸರಿಯಾಗಿ ಹೇಳುತ್ತಾರೆ: ಯಾವ ಸಿಮ್‌ಗೆ ಯಾವ ಮನೆಯ ಜಗಲಿಯಲ್ಲಿ ರೇಂಜ್ ಇದೆ ಎಂಬುದು ಅವರ ನಿತ್ಯದ ಬದುಕು. ಚಾರ್ಮಾಡಿ, ಕುದುರೆಮುಖ, ಆಗುಂಬೆಯ ಕಾಡಿನ ದಾರಿಗಳಲ್ಲಿ ನಾನು ನೆಟ್ ನಿರೀಕ್ಷಿಸುವುದಿಲ್ಲ. ಘಾಟಿ ಹತ್ತುವ ಮೊದಲೇ ನಕ್ಷೆ ಇಳಿಸಿಕೊಂಡು, ಕಳಿಸಬೇಕಾದುದನ್ನು ಕಳಿಸಿ ಹೊರಡುತ್ತೇನೆ.

ಮುಂದಿನ ತಿರುಗಾಟಕ್ಕೆ ಮೂರನೆಯದಾಗಿ ಬಿಎಸ್‌ಎನ್‌ಎಲ್ ಸಿಮ್ ತೆಗೆದುಕೊಂಡಿದ್ದೇನೆ. 2025ರ ಸೆಪ್ಟೆಂಬರ್ 27ರಂದು ಅದರ ದೇಶೀ ತಂತ್ರಜ್ಞಾನದ 4ಜಿ ಜಾಲ ಅಧಿಕೃತವಾಗಿ ಉದ್ಘಾಟನೆಯಾಯಿತು. 700 ಮೆಗಾಹರ್ಟ್ಸ್ ಕೂಡ ಅದರ ಕೈಯಲ್ಲಿದೆ, ಅದು 850ಕ್ಕಿಂತಲೂ ದೂರ ಹೋಗುತ್ತದೆ. ಆದರೆ ಅದನ್ನು ಹಿಡಿಯಲು ಸಾಧನದಲ್ಲಿ ಬ್ಯಾಂಡ್ 28 ಇರಬೇಕು. ನನ್ನ ರೂಟರಿನಲ್ಲಿ ಅದೃಷ್ಟವಶಾತ್ ಇದೆ. ಒಂದು ಇಡೀ ತಿರುಗಾಟ ಮುಗಿಯದೆ ಅದರ ಬಗ್ಗೆ ಒಳ್ಳೆಯದು ಕೆಟ್ಟದ್ದು ಹೇಳುವುದು ನ್ಯಾಯವಲ್ಲ.

ಕೊನೆಯದಾಗಿ ಮಳೆಗಾಲದ ವಿಷಯ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಸಿಮ್‌ಗಳು ಐದು ತಿಂಗಳು ಪೆಟ್ಟಿಗೆಯಲ್ಲಿ ಮಲಗುತ್ತವೆ. 90 ದಿನ ಬಳಸದ ಪ್ರೀಪೇಯ್ಡ್ ಸಿಮ್ಮನ್ನು ಕಂಪನಿ ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದು ಇನ್ನು 30 ದಿನ ಉಳಿಸುವ ನಿಯಮವಿದೆ. ಇದು ಗೊತ್ತಿಲ್ಲದೆ ಮೊದಲ ಮಳೆಗಾಲದಲ್ಲಿ ಒಂದು ನಂಬರು ಕಳೆದುಕೊಂಡೆ, ಅದರ ಜೊತೆ ಯೂಟ್ಯೂಬ್ ಖಾತೆಯ ಒಟಿಪಿ ಬರುವ ದಾರಿಯೂ ಹೋಯಿತು. ಈಗ ಪ್ರತಿ ಸಿಮ್ಮಿನಲ್ಲೂ ಅರವತ್ತು ರೂಪಾಯಿ ಬ್ಯಾಲೆನ್ಸ್ ಬಿಟ್ಟು, ನಾಗರಪಂಚಮಿಯ ದಿನ ಎಲ್ಲವನ್ನೂ ಒಮ್ಮೆ ಫೋನಿಗೆ ಹಾಕಿ ಬಳಸುತ್ತೇನೆ. ರೂಟರನ್ನು ಅಕ್ಕಿಯ ಡ್ರಮ್ಮಿನ ಪಕ್ಕ, ಸಿಲಿಕಾ ಪೊಟ್ಟಣದ ಜೊತೆ, ಬಿಗಿ ಮುಚ್ಚಳದ ಡಬ್ಬದಲ್ಲಿ ಇಡುತ್ತೇನೆ.