ಟೆಕ್ಸಸ್‌ನ ಗನ್ ಸೇಫ್ಟಿ ಕ್ಲಾಸ್: ಮೂರು ಸ್ಟಾರ್ ಸಾಕು

ಹ್ಯೂಸ್ಟನ್ ಹತ್ತಿರದ ಒಂದು ಶೂಟಿಂಗ್ ರೇಂಜ್‌ನಲ್ಲಿ ಐದು ಗಂಟೆಯ ಗನ್ ಲೈಸೆನ್ಸ್ ಕ್ಲಾಸಿಗೆ ಹೋಗಿದ್ದೆ. ನಮ್ಮ ಮನೆಯಲ್ಲಿ ಗನ್ ಇಲ್ಲ. ಮಗಳ ಗೆಳತಿಯ ಮನೆಯಲ್ಲಿದೆ, ಅದಕ್ಕೇ. ಗನ್‌ಗೆ ಕೇಬಲ್ ಲಾಕ್ (ತಂತಿಯ ಬೀಗ) ಹಾಕೋದನ್ನು ನಮ್ಮ ಕೈಯಲ್ಲೇ ಮಾಡಿಸಿದರು. ಗುಂಡು ತುಂಬುವ ಮ್ಯಾಗಜಿನ್ ತೆಗೆದು, ಗುಂಡು ಕೂರುವ ಚೇಂಬರ್ ಒಳಗೆ ಬೆರಳಿಟ್ಟು ನೋಡಿ, ಆಮೇಲೆ ತಂತಿ ತೂರಿಸಬೇಕು. ಇದಕ್ಕೆ ಫುಲ್ ಮಾರ್ಕ್ಸ್.

ಪೊಲೀಸರು ನಮ್ಮ ಕಾರು ತಡೆದರೆ? 'ಗನ್ ಇದೆ ಅಂತ ಹೇಳಿ, ಅಷ್ಟೇ' ಅಂದರು ಬಿಳಿಯ ಮೇಷ್ಟ್ರು. ಪಕ್ಕದಲ್ಲಿದ್ದ ಕಪ್ಪು ಮಹಿಳೆ ಸುಮ್ನೆ ಪೆನ್ ಕೆಳಗಿಟ್ಟರು. 2016ರಲ್ಲಿ ಮಿನೆಸೋಟದಲ್ಲಿ ಪೊಲೀಸರು ಕಾರು ತಡೆದಾಗ ಫಿಲಾಂಡೊ ಕ್ಯಾಸ್ಟೀಲ್ ಎಂಬ ಕಪ್ಪು ವ್ಯಕ್ತಿ ಹೇಳಿದ್ದೂ ಅದನ್ನೇ, ಅಲ್ವಾ? ಗನ್ ಪರ್ಮಿಟ್ ಕೂಡ ಇತ್ತು. ಪೊಲೀಸ್ ಗುಂಡಿಗೇ ಸತ್ತರು. ಆ ಮಹಿಳೆ ಅದನ್ನು ಕೇಳಿದಾಗ ಮೇಷ್ಟ್ರು 'ಟೈಮ್ ಇಲ್ಲ' ಅಂದರು. ಕಾಫಿ ಬ್ರೇಕ್ ಮಾತ್ರ ಅರ್ಧ ಗಂಟೆ!