ಹಳೆಯ ಲ್ಯಾಪ್‌ಟಾಪಿಗೆ ಹೊಸ ಡಿಸ್ಕ್: ನಾಲ್ಕು ವರ್ಷ ಬಳಸಿದ ಮೇಲೆ

2013ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದು. ಅದರೊಳಗಿದ್ದದ್ದು ನಿಮಿಷಕ್ಕೆ 5400 ಸುತ್ತು ತಿರುಗುವ 500 ಜಿಬಿ ಹಾರ್ಡ್ ಡಿಸ್ಕ್. ಎಂಟು ವರ್ಷ ದುಡಿಸಿಕೊಂಡು, 2021ರಲ್ಲಿ ಅದನ್ನು ತೆಗೆದು ಅದರ ಜಾಗದಲ್ಲಿ ಎರಡೂವರೆ ಇಂಚಿನ, ಸಾಟಾ ಎಂಬ ಜೋಡಣೆಯ, ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಕೂರಿಸಿದೆ. ಆ ವಾರವೇ ವಿಮರ್ಶೆ ಬರೆದಿದ್ದರೆ ಬರೀ ಹೊಗಳಿಕೆಯಾಗುತ್ತಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆಯುತ್ತಾನೆ. ನಾಲ್ಕು ವರ್ಷವಾದ ಮೇಲೆ ಹೇಗೆ ಒಗೆಯುತ್ತಾನೆ ಎಂಬುದನ್ನು ಹೇಳಲು ಈಗ ಕುಳಿತಿದ್ದೇನೆ.

ಲ್ಯಾಪ್‌ಟಾಪ್ ತೀರಾ ನಿಧಾನವಾದಾಗ, ಡಿಸ್ಕಿನ ಮೇಲೆ ಅನುಮಾನ ಬರುವ ಮೊದಲು ನಾನು ಬೈದದ್ದೆಲ್ಲ ವಿಂಡೋಸನ್ನು. ಎರಡು ಸಲ ಫಾರ್ಮ್ಯಾಟ್ ಮಾಡಿದೆ, ಆಂಟಿವೈರಸ್ ಬದಲಿಸಿದೆ, ಬ್ರೌಸರ್ ಬದಲಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕತೆ. ಕೊನೆಗೊಂದು ದಿನ ಟಾಸ್ಕ್ ಮ್ಯಾನೇಜರ್ ತೆರೆದು ಸುಮ್ಮನೆ ನೋಡುತ್ತಾ ಕುಳಿತೆ. ಪ್ರೊಸೆಸರ್ ಶೇ. 8ರಲ್ಲಿ ಆಕಳಿಸುತ್ತಿತ್ತು, ಡಿಸ್ಕ್ ಮಾತ್ರ ಶೇ. 100ರಲ್ಲಿ ಏದುಸಿರು ಬಿಡುತ್ತಿತ್ತು. ಆದರೆ ಆ ನೂರರಲ್ಲಿ ಓದುತ್ತಿದ್ದದ್ದು ಸೆಕೆಂಡಿಗೆ ಅರ್ಧ ಎಂಬಿಗಿಂತ ಕಡಿಮೆ.

ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವಿಲ್ಲ. ನಿಮಿಷಕ್ಕೆ 5400 ಸುತ್ತು ಎಂದರೆ ಸೆಕೆಂಡಿಗೆ 90. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮುಂಚೆ ಮುಳ್ಳು ಸರಿಯಾದ ವೃತ್ತಕ್ಕೆ ಸರಿಯಬೇಕು. ಅದಕ್ಕೆ ಇನ್ನೊಂದು ಹನ್ನೆರಡು ಮಿಲಿಸೆಕೆಂಡ್. ಎರಡೂ ಸೇರಿ ಸೆಕೆಂಡಿಗೆ ಹೆಚ್ಚೆಂದರೆ ಅರವತ್ತು ಕಡೆ ಹೋಗಿ ಬರಬಹುದು. ಪ್ರತಿ ಸಲ ತರುವುದು 4 ಕೆಬಿ ತುಣುಕಾದರೆ ಒಟ್ಟು ಕಾಲು ಎಂಬಿಯೂ ಆಗುವುದಿಲ್ಲ. ಕಂಪ್ಯೂಟರ್ ಏಳುವಾಗ ಬೇಕಾಗುವುದು ಇಂಥ ಸಾವಿರಾರು ಚೂರುಗಳೇ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಮುಳ್ಳೂ ಇಲ್ಲ. ಆದ್ದರಿಂದ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ‘ಸೆಕೆಂಡಿಗೆ 550 ಎಂಬಿ’ಗೆ ಮರುಳಾಗಬೇಡಿ. ನಿಮ್ಮ ಯಂತ್ರ ಇನ್ನೂ ಹಳೆಯದಾಗಿದ್ದು 3 ಗಿಗಾಬಿಟ್ ಸಾಟಾ ಇದ್ದರೆ ಆ ಅಂಕಿ ಅರ್ಧಕ್ಕೆ ಇಳಿಯುತ್ತದೆ, ಆದರೂ ನಿಮಗೆ ಗೊತ್ತಾಗುವುದಿಲ್ಲ. ಲಾಭ ಇರುವುದು ಕಾಯುವುದು ತಪ್ಪಿದ್ದರಲ್ಲಿ.

ಕೊಳ್ಳುವಾಗ 480 ಜಿಬಿಯದ್ದೂ ಕಣ್ಣಿಗೆ ಬಿದ್ದಿತ್ತು. 500 ಜಿಬಿಯದ್ದನ್ನೇ ತೆಗೆದುಕೊಂಡದ್ದು ಜಾಣತನದಿಂದಲ್ಲ, ಅದೃಷ್ಟದಿಂದ. 500 ಜಿಬಿ ಎಂದು ಮಾರುವ ಡಿಸ್ಕುಗಳು ಬಹುಮಟ್ಟಿಗೆ ಒಂದೇ ಅಳತೆಯವು: 976,773,168 ಸೆಕ್ಟರ್, ಅಂದರೆ ಮಾಹಿತಿ ಬರೆದಿಡುವ ಪುಟ್ಟ ಮನೆಗಳು. ಹಳೆಯದರಲ್ಲೂ ಅಷ್ಟೇ, ಹೊಸದರಲ್ಲೂ ಅಷ್ಟೇ. ಇದರಿಂದ ಹಳೆಯದನ್ನು ಇದ್ದದ್ದು ಇದ್ದ ಹಾಗೆ ಹೊಸದರ ಮೇಲೆ ಇಳಿಸಬಹುದು. 480 ಆಗಿದ್ದರೆ ಮೊದಲು ಪಾರ್ಟಿಷನ್ (ಡಿಸ್ಕಿನೊಳಗಿನ ವಿಭಾಗ) ಕುಗ್ಗಿಸಬೇಕಿತ್ತು, ಅದೂ ಸಾಯುತ್ತಿರುವ ಡಿಸ್ಕಿನ ಮೇಲೆ.

ಸಾಯುತ್ತಿದ್ದದ್ದು ನಿಜವೇ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿ ತೆಗೆದಾಗ ಸಿ5 ಎಂಬ ಸಾಲಿನಲ್ಲಿ 16 ಎಂದಿತ್ತು: ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು. ಈ ಸಾಲು ಸೊನ್ನೆಯಾಗಿರಬೇಕು. ಅದನ್ನು ಕಡೆಗಣಿಸಿ ಡಿಸ್ಕಿನ ಯಥಾಪ್ರತಿ ತೆಗೆಯುವ ಸಾಮಾನ್ಯ ಕ್ಲೋನ್ ತಂತ್ರಾಂಶ ಓಡಿಸಿದೆ. ಶೇ. 71ಕ್ಕೆ ಬಂದು ‘ಓದುವಲ್ಲಿ ದೋಷ’ ಎಂದು ಕೈ ಎತ್ತಿತು. ಇನ್ನೊಮ್ಮೆ ಓಡಿಸಿದೆ, ಮತ್ತೆ 71. ಮೂರನೆಯ ಸಲ ಓಡಿಸಬಾರದಿತ್ತು, ಓಡಿಸಿದೆ. ಜೀವ ಬಿಡುತ್ತಿರುವ ಡಿಸ್ಕನ್ನು ಪ್ರತಿ ಸಲ ಮೊದಲಿನಿಂದ ಓದಿಸುವುದು ಕಾಲು ಉಳುಕಿದವನನ್ನು ಬೆಟ್ಟ ಹತ್ತಿಸಿದ ಹಾಗೆ.

ಆಮೇಲೆ ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ ಕೆಟ್ಟ ಡಿಸ್ಕಿನಿಂದ ಮಾಹಿತಿ ಎತ್ತುವ ಗ್ನೂ ಡಿಡಿರೆಸ್ಕ್ಯೂ ಹಿಡಿದೆ. ಈ ವಿಮರ್ಶೆಯಲ್ಲಿ ನಾಲ್ಕು ನಕ್ಷತ್ರ ಡಿಸ್ಕಿಗೆ, ಐದೂ ನಕ್ಷತ್ರ ಈ ಪುಟ್ಟ ತಂತ್ರಾಂಶಕ್ಕೆ. ಅದರ ಬುದ್ಧಿ ಸರಳ: ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಬಲ್ಲದ್ದನ್ನೆಲ್ಲ ಎತ್ತಿಕೊಳ್ಳುತ್ತದೆ, ಹಟ ಮಾಡುವ ಜಾಗ ಸಿಕ್ಕರೆ ಗುರುತು ಹಾಕಿಕೊಂಡು ಮುಂದೆ ಹಾರುತ್ತದೆ. ಎಲ್ಲ ಸುರಕ್ಷಿತವಾದ ಮೇಲೆ ಬಿಟ್ಟ ಜಾಗಗಳಿಗೆ ಮರಳಿ ಬಂದು ಕೆರೆಯುತ್ತದೆ. ಎಲ್ಲಿಯವರೆಗೆ ಬಂತು ಎಂಬುದು ಒಂದು ನಕ್ಷೆಯ ಕಡತದಲ್ಲಿ ದಾಖಲಾಗುವುದರಿಂದ ಮಧ್ಯೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಒಂದೇ ಎಚ್ಚರ: ಮೂಲ ಯಾವುದು, ಗುರಿ ಯಾವುದು ಎಂದು ಮೂರು ಸಲ ನೋಡಿಕೊಳ್ಳಿ. ತಿರುಗುಮುರುಗಾದರೆ ಖಾಲಿ ಡಿಸ್ಕಿನ ಪ್ರತಿ ನಿಮ್ಮ ಎಂಟು ವರ್ಷಗಳ ಮೇಲೆ ಕೂರುತ್ತದೆ.

ಮೊದಲ ಸುತ್ತು ಮೂರು ಗಂಟೆಯಲ್ಲಿ ಮುಗಿಯಿತು. ಆ ಹದಿನಾರು ಸೆಕ್ಟರ್‌ಗಳಿಗೆ ಇಡೀ ರಾತ್ರಿ ಬೇಕಾಯಿತು. ದೀಪ ಆರಿಸಿ ಮಲಗಿದ್ದವನಿಗೆ ಮೇಜಿನ ಮೇಲಿನಿಂದ ಟಕ್, ಟಕ್, ಟಕ್ ಕೇಳಿಸುತ್ತಿತ್ತು; ಆಮೇಲೊಂದು ಸಣ್ಣ ನಿಟ್ಟುಸಿರಿನಂಥ ಸದ್ದು, ಮತ್ತೆ ಟಕ್. ಬೆಳಗ್ಗೆ ನೋಡಿದಾಗ ನಾಲ್ಕು ಸೆಕ್ಟರ್ ಬಾಯಿ ಬಿಟ್ಟಿದ್ದವು. ಉಳಿದ ಹನ್ನೆರಡು ಹೋದದ್ದು ಹೋಯಿತು. ಅದರಲ್ಲಿ ಒಂದಷ್ಟು ವಿಂಡೋಸಿನ ಯಾವುದೋ ಹಳೆಯ ಅಪ್‌ಡೇಟ್ ಕಡತದಲ್ಲಿದ್ದದ್ದು, ಅದಕ್ಕೆ ನಾನೇನೂ ಅಳಲಿಲ್ಲ. ಇನ್ನಷ್ಟು ಒಂದು ಫೋಟೋದಲ್ಲಿ. ಮೇಲಿನ ಎರಡು ಪಾಲು ಸರಿಯಾಗಿದೆ: ಗೋಡೆ, ಕಿಟಕಿ, ನಗುತ್ತಿರುವ ಅಜ್ಜಿಯ ಮುಖ. ಭುಜದಿಂದ ಕೆಳಗೆ ಬೂದಿ ಬಣ್ಣ. ಮಡಿಲಲ್ಲಿದ್ದ ಮಗು ಯಾರು ಎಂಬ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಕೂರಿಸುವ ಕೆಲಸ ಇದಕ್ಕೆ ಹೋಲಿಸಿದರೆ ಏನೂ ಅಲ್ಲ. ಬ್ಯಾಟರಿ ತೆಗೆದು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ಕೆಳಗಿನ ಮುಚ್ಚಳ ಬಿಚ್ಚಿದೆ. ಒಂದು ಸ್ಕ್ರೂವಿನ ತಲೆ ಸವೆದು ಹೋಗಿತ್ತು. ಸ್ಕ್ರೂಡ್ರೈವರಿನ ತುದಿಗೆ ರಬ್ಬರ್ ಬ್ಯಾಂಡ್ ಒತ್ತಿ ತಿರುಗಿಸಿದಾಗ ಬಂತು. ಹಳೆಯದು 9.5 ಮಿ.ಮೀ. ದಪ್ಪ, ಹೊಸದು 7. ಚೌಕಟ್ಟಿಗೆ ಬದಿಯಿಂದ ಸ್ಕ್ರೂ ಹಾಕುವುದರಿಂದ ಈ ವ್ಯತ್ಯಾಸ ತೊಡಕಾಗಲಿಲ್ಲ. ಮೊದಲ ಸಲ ಎಬ್ಬಿಸುವಾಗ ಹಳೆಯ ಡಿಸ್ಕ್ ಯುಎಸ್‌ಬಿಯಲ್ಲೂ ಜೋಡಿಸಿರಬಾರದು. ಎರಡರ ಗುರುತಿನ ಸಂಖ್ಯೆಯೂ ಒಂದೇ ಆಗಿರುವುದರಿಂದ ಯಾವುದು ಅಸಲಿ ಎಂಬ ಗೊಂದಲವಾಗುತ್ತದೆ.

ಮೊದಲು ಡೆಸ್ಕ್‌ಟಾಪ್ ಕಾಣಿಸಲು 2 ನಿಮಿಷ 40 ಸೆಕೆಂಡ್, ಅದು ಕೈಗೆ ಸಿಗಲು ಇನ್ನೂ ಐದು ನಿಮಿಷ. ಬದಲಿಸಿದ ದಿನ 19 ಸೆಕೆಂಡ್. ಗುಂಡಿ ಒತ್ತಿ ಎದ್ದು ಹೋಗಿ ಬೇರೆ ಕೆಲಸ ಮಾಡಿಕೊಂಡು ಬರುವ ಅಭ್ಯಾಸ ಬಿಡಲು ನನಗೆ ತಿಂಗಳೇ ಹಿಡಿಯಿತು.

ಈಗ ಕೊರತೆಗಳು. ಬ್ಯಾಟರಿ ಗಂಟೆಗಟ್ಟಲೆ ಹೆಚ್ಚು ಬರುತ್ತದೆಂದು ಎಲ್ಲೋ ಓದಿ ಆಸೆಪಟ್ಟಿದ್ದೆ. ಬಂದದ್ದು ಇಪ್ಪತ್ತು ನಿಮಿಷ. ದೊಡ್ಡ ಕಡತಗಳನ್ನು ಒಟ್ಟಿಗೆ ತುಂಬಿಸುವಾಗ ಮೊದಲು ಸರಸರನೆ ಹೋಗಿ, ಆಮೇಲೆ ವೇಗ ಕಾಲು ಭಾಗಕ್ಕೆ ಕುಸಿಯುತ್ತದೆ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ವೇಗವಾಗಿ ಬರೆಯುವ ಸಣ್ಣ ಅಂಗಳವೊಂದು ಇರುತ್ತದೆ, ಅದು ತುಂಬಿದರೆ ನಿಜವಾದ ವೇಗ ಹೊರಬೀಳುತ್ತದೆ. ಡಿಸ್ಕ್ ಬಹುಪಾಲು ತುಂಬಿದ್ದಾಗ ಈ ಅಂಗಳ ಇನ್ನೂ ಕಿರಿದಾಗುತ್ತದೆ. ನಾನು ಐದನೆಯ ಒಂದು ಪಾಲು ಖಾಲಿ ಬಿಟ್ಟಿರುತ್ತೇನೆ. ಇನ್ನು 4 ಜಿಬಿ ರ‍್ಯಾಮ್‌ನ ಬಡತನವನ್ನು ಹೊಸ ಡಿಸ್ಕ್ ಸುಮಾರು ಒಂದು ವರ್ಷ ಮುಚ್ಚಿಟ್ಟಿತು. ಬ್ರೌಸರಿನಲ್ಲಿ ಹತ್ತು ಪುಟ ತೆರೆದಾಗ ಗುಟ್ಟು ಬಯಲಾಯಿತು. ಇನ್ನೊಂದು 4 ಜಿಬಿ ಸೇರಿಸಿದೆ.

ಸವೆತದ ಭಯ ನನಗೂ ಇತ್ತು. ಕಂಪನಿ 180 ಟಿಬಿ ಬರೆಯುವವರೆಗೆ ಖಾತರಿ ಕೊಟ್ಟಿದೆ. ನಾಲ್ಕು ವರ್ಷದಲ್ಲಿ ನಾನು ಬರೆದದ್ದು 24 ಟಿಬಿ. ಇದೇ ಲೆಕ್ಕದಲ್ಲಿ ಇನ್ನೂ ಇಪ್ಪತ್ತೈದು ವರ್ಷಕ್ಕೆ ಸಾಕು. ಅಲ್ಲಿಯವರೆಗೆ ಈ ಲ್ಯಾಪ್‌ಟಾಪಿನ ಕೀಲುಗಳು ಉಳಿದರೆ ಸಾಕು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು, 11 ಈ ಯಂತ್ರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಲಿನಕ್ಸ್ ಮಿಂಟ್ ಹಾಕಿದ್ದೇನೆ, ಅದೂ ಇದೇ ಡಿಸ್ಕಿನ ಮೇಲೆ, ಹಾಯಾಗಿ ಓಡುತ್ತಿದೆ.

ನನಗೆ ಒಗ್ಗದೇ ಉಳಿದಿರುವುದು ಒಂದೇ: ಅದರ ಮೌನ. ಹಳೆಯ ಡಿಸ್ಕಿನ ಸದ್ದಿನಿಂದಲೇ ಒಳಗೇನು ನಡೆಯುತ್ತಿದೆ ಎಂದು ಹೇಳುತ್ತಿದ್ದೆ. ಗೊರಗೊರ ಎಂದರೆ ಅಪ್‌ಡೇಟ್. ಒಂದೇ ಸಮನೆ ಕಟಕಟ ಎಂದರೆ ಆಂಟಿವೈರಸ್. ಆ ಟಕ್ ಶುರುವಾದಾಗ ಏನೋ ಕೆಟ್ಟಿದೆ ಎಂದು ಕಿವಿಗೆ ಮೊದಲು ತಿಳಿಯಿತು, ಸ್ಮಾರ್ಟ್ ವರದಿ ನೋಡಿದ್ದು ಆಮೇಲೆ. ಮೂರನೆಯ ವರ್ಷ ಒಂದು ಬೆಳಗ್ಗೆ ಪರದೆಯ ಮೇಲೆ ‘ಬೂಟ್ ಸಾಧನ ಸಿಗಲಿಲ್ಲ’ ಎಂಬ ಸಾಲು ಮೂಡಿತು. ಕಿವಿಗೊಟ್ಟೆ. ಏನೂ ಇಲ್ಲ. ಸತ್ತಿದೆಯೋ ಮಲಗಿದೆಯೋ ತಿಳಿಯುವ ದಾರಿಯೇ ಇಲ್ಲ. ಮುಚ್ಚಳ ಬಿಚ್ಚಿ ನೋಡಿದರೆ ಡಿಸ್ಕ್ ತನ್ನ ಜಾಗದಿಂದ ಕೂದಲೆಳೆಯಷ್ಟು ಸರಿದಿತ್ತು. ಒತ್ತಿ ಕೂರಿಸಿದೆ, ಎದ್ದಿತು. ಡಿಸ್ಕಿನದ್ದು ಏನೂ ತಪ್ಪಿರಲಿಲ್ಲ, ನಾನು ಸ್ಕ್ರೂ ಬಿಗಿ ಮಾಡಿದ್ದು ಸಾಲದಾಗಿತ್ತು. ಆ ಹತ್ತು ನಿಮಿಷದಲ್ಲಿ ಮಾತ್ರ, ಕೊನೆಯ ಬ್ಯಾಕಪ್ ಎಂದು ತೆಗೆದಿದ್ದೆ ಎಂಬುದು ನನಗೆ ನೆನಪಾಗಲೇ ಇಲ್ಲ. ಅಂದಿನಿಂದ ಪ್ರತಿ ಭಾನುವಾರ ಹೊರಗಿನ ಡಿಸ್ಕಿಗೆ ಪ್ರತಿ ತೆಗೆಯುತ್ತಿದ್ದೇನೆ. ಅಳಿಸಿದ ಜಾಗ ಖಾಲಿಯಾಗಿದೆ ಎಂದು ಡಿಸ್ಕಿಗೆ ತಿಳಿಸುವ ಟ್ರಿಮ್ ಆದೇಶ ಓಡಿರುವ ಎಸ್‌ಎಸ್‌ಡಿಯಲ್ಲಿ ಅಳಿಸಿದ ಕಡತ ಮರಳಿ ಸಿಗುವುದೂ ಬಹುಮಟ್ಟಿಗೆ ಕನಸೇ.

ಹಳೆಯ ಡಿಸ್ಕನ್ನು ಎಸೆದಿಲ್ಲ. ಯುಎಸ್‌ಬಿ ಪೆಟ್ಟಿಗೆಯೊಂದರಲ್ಲಿ ಹಾಕಿ ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ಇದನ್ನು ಬರೆಯುವ ಮುನ್ನ ಹೊರತೆಗೆದು ಜೋಡಿಸಿದೆ. ತಟ್ಟೆ ತಿರುಗತೊಡಗಿತು, ಕೈಗೆ ಸಣ್ಣ ನಡುಕ ತಾಗಿತು. ಅಜ್ಜಿಯ ಫೋಟೋ ಮೇಲೆ ಒತ್ತಿದೆ. ಗೋಡೆ ಬಂತು, ಕಿಟಕಿ ಬಂತು, ಮುಖ ಬಂತು. ಭುಜದ ಹತ್ತಿರ ಬಂದಾಗ ಒಳಗಿನಿಂದ ಟಕ್, ಟಕ್, ಟಕ್ ಕೇಳಿಸಿತು, ನಾಲ್ಕು ವರ್ಷದ ಹಿಂದಿನ ಅದೇ ಜಾಗದಲ್ಲಿ.